ಶಂಕರಮ್ಮನವರ ಇಂಬಳದ ಗಂಟು ಅಂಡಮಾನಿಗೆ ಹೋದದ್ದು

ಮಳೆಗಾಲ ಶುರುವಾಯಿತೆಂದರೆ ನಮ್ಮ ಬಾಳೂರು ಕಡೆ ಇಂಬಳದ ಕಾಟ ಯಾರಿಗೂ ತಪ್ಪಿದ್ದಲ್ಲ. ತೋಟಕ್ಕೆ ಇಳಿದು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಕಾಲ್ಬೆರಳ ಸಂದಿಯಲ್ಲಿ ಎರಡು, ಹಿಮ್ಮಡಿಯ ಮೇಲೆ ಒಂದು ಹತ್ತಿರುತ್ತವೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ಮನೆಗೆ ಬಂದು ಕಾಲು ತೊಳೆಯುವಾಗ ನೀರು ಕೆಂಪಾದರೆ ಆಗ ಗೊತ್ತಾಗುತ್ತದೆ. ಬಯಲುಸೀಮೆಯಿಂದ ಬಂದ ನೆಂಟರು ಒಂದೇ ಒಂದು ಇಂಬಳ ಕಂಡರೂ "ಜಿಗಣೆ, ಜಿಗಣೆ" ಎಂದು ಅಂಗಳದಲ್ಲಿ ಕುಣಿದಾಡುತ್ತಾರೆ. ನಾವು ಕುಣಿಯುವುದಿಲ್ಲ. ನಮ್ಮ ಸೊಂಟದಲ್ಲಿ ಗಂಟಿರುತ್ತದೆ.

ಗಂಟು ಅಂದರೆ ಹಳೆ ಪಂಚೆಯ ಒಂದು ತುಂಡು. ಅದರೊಳಗೆ ಹೊಗೆಸೊಪ್ಪಿನ ಪುಡಿ, ಸುಣ್ಣ, ಸ್ವಲ್ಪ ಉಪ್ಪು. ಬಾಯಿ ಬಿಗಿದು ಕಟ್ಟಿ, ನೀರಲ್ಲಿ ಅದ್ದಿ, ಕಚ್ಚಿಕೊಂಡ ಇಂಬಳದ ಮೇಲೆ ಒತ್ತಿದರೆ ಸಾಕು, ಮುದುಡಿ ಉದುರಿಹೋಗುತ್ತದೆ. ನಮ್ಮ ಅಜ್ಜಿಯರ ಕಾಲದಿಂದ ನಡೆದು ಬಂದದ್ದು ಇದು. ಇದರಲ್ಲಿ ತಪ್ಪೇನೂ ಇಲ್ಲ. ಆ ಗಂಟನ್ನು ಎಲ್ಲಿಗೆ ಕಟ್ಟಿಕೊಂಡು ಹೋದೆವು ಎನ್ನುವುದರಲ್ಲಿ ತಪ್ಪಾಯಿತು. ಅದನ್ನು ಹೇಳುವುದಕ್ಕೆಂದೇ ಈ ಕರಪತ್ರ ಬರೆಯುತ್ತಿದ್ದೇನೆ.

ನಾನು ರೇವತಿ, ನಮ್ಮ ಸ್ವಸಹಾಯ ಸಂಘದ ಕಾರ್ಯದರ್ಶಿ. ಸಭೆಯಲ್ಲಿ ಎದ್ದು ನಿಂತು ಬೇರೆಯವರ ತಪ್ಪು ಎತ್ತಿ ಆಡುವುದರಲ್ಲಿ ನಾನು ಎತ್ತಿದ ಕೈ ಎಂದು ನಿಮಗೆಲ್ಲ ಗೊತ್ತು. ಈ ಕಥೆಯಲ್ಲಿ ನನ್ನ ತಪ್ಪೇ ಎಲ್ಲಕ್ಕಿಂತ ದೊಡ್ಡದು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ, ನಗುವವರು ನಗಿ.

ಕಳೆದ ಮಾರ್ಚಿನಲ್ಲಿ, ರೊಬಸ್ಟಾ ಕಾಫಿಯ ಕೊಯ್ಲು ಮುಗಿದು, ಗಿಡ ಹೂ ಬಿಡಲು ಬೇಕಾದ ಹೂಮಳೆಗೆ ಎಲ್ಲರೂ ಕಾಯುತ್ತಿದ್ದ ಬಿಡುವಿನಲ್ಲಿ, ಸಂಘದ ಒಂಬತ್ತು ಜನ ಹೆಂಗಸರು ಅಂಡಮಾನ್ ದ್ವೀಪಕ್ಕೆ ಹೊರಟೆವು. ಪ್ರತಿ ವರ್ಷ ಹೊರನಾಡು, ಶೃಂಗೇರಿ ಎಂದು ಹೋಗಿ ಬರುತ್ತಿದ್ದ ನಮಗೆ ಸಮುದ್ರದ ಆಸೆ ಹತ್ತಿಸಿದವಳು ಗೋಣಿಬೀಡಿನ ರಹೀಮಾ. ಅವಳ ಗಂಡ ರಜಬ್ ಅಲಿ ಜೀಪ್ ಮೆಕ್ಯಾನಿಕ್. ನಮ್ಮ ಕಡೆಯ ಘಾಟಿಯಲ್ಲಿ ಯಾವ ಜೀಪು ಕೆಟ್ಟು ನಿಂತರೂ ಮೊದಲ ಫೋನು ಅವರಿಗೇ ಹೋಗುತ್ತದೆ. ರಹೀಮಾಳಿಗೆ ಹಿಂದಿ ಚೆನ್ನಾಗಿ ಬರುತ್ತದೆ. ಅಲ್ಲಿ ನಮ್ಮ ಬಾಯಿ ಅವಳೇ ಎಂದು ಮೊದಲೇ ತೀರ್ಮಾನವಾಗಿತ್ತು.

ನಮ್ಮಲ್ಲಿ ಹಿರಿಯರು ಶಂಕರಮ್ಮನವರು. ವಯಸ್ಸು ಅರವತ್ತಮೂರು, ನಾಲ್ಕು ಎಕರೆ ಕಾಫಿ ತೋಟ. ಅವರ ತೋಟದಲ್ಲಿ ಎಲ್ಲಕ್ಕಿಂತ ಮುಖ್ಯ ಕಾಫಿ ಗಿಡವಲ್ಲ, ಕೊಟ್ಟಿಗೆಯ ಹಿಂದಿನ ಎರೆಗೊಬ್ಬರದ ತೊಟ್ಟಿ. ಆ ತೊಟ್ಟಿಯ ಹತ್ತಿರ ಯಾರೂ ಎಲೆಅಡಿಕೆ ಉಗುಳುವ ಹಾಗಿಲ್ಲ, ಸೋಪಿನ ನೀರು ಚೆಲ್ಲುವ ಹಾಗಿಲ್ಲ. ಪಕ್ಕದ ತೋಟದವರು ಬೇಲಿ ಬದಿಯಲ್ಲಿ ಕಳೆನಾಶಕ ಹೊಡೆದರೆಂದು ಒಂದು ಮಳೆಗಾಲ ಪೂರ್ತಿ ಅವರ ಜೊತೆ ಮಾತು ಬಿಟ್ಟಿದ್ದರು. "ಎರೆಹುಳ ಇದ್ರೆ ಮಣ್ಣು, ಇಲ್ದಿದ್ರೆ ಬರೀ ಧೂಳು" ಎನ್ನುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಹೊರಡುವ ದಿನ ಮೂಡಿಗೆರೆ ಬಸ್ ಸ್ಟ್ಯಾಂಡಿಗೆ ಶಂಕರಮ್ಮನವರ ಯಜಮಾನರು ಸುಬ್ಬಣ್ಣನವರು ಬಂದಿದ್ದರು. ಬಸ್ಸು ಹೊರಡಬೇಕು ಎನ್ನುವಾಗ ಕಿಟಕಿಯೊಳಗೆ ಕೈ ತೂರಿಸಿ ಒಂದು ಗಂಟು ಕೊಟ್ಟರು.

"ತಗೊ, ಹೊಸದಾಗಿ ಕಟ್ಟಿದ್ದೀನಿ. ಅಲ್ಲಿ ವರ್ಷಕ್ಕೆ ಎಂಟು ತಿಂಗ್ಳು ಮಳೆಯಂತೆ. ಇಂಬಳ ಎಷ್ಟಿರ್ಬೇಡ ನೋಡು!"

ನಾನು ನಕ್ಕೆ. "ಸುಬ್ಬಣ್ಣೋರೆ, ನಾವು ಹೋಗ್ತಿರೋದು ಸಮುದ್ರಕ್ಕೆ. ಅದೂ ಮಾರ್ಚ್ ತಿಂಗ್ಳಲ್ಲಿ. ಈಗ ಬಾಳೂರಲ್ಲೇ ಒಂದು ಇಂಬಳ ಹುಡುಕಿ ಕೊಡಿ ನೋಡೋಣ."

"ಸಮುದ್ರ ಅಂದ್ರೆ ನೀರಲ್ವೇನಮ್ಮಾ? ಇಂಬಳ ಇರೋದು ನೀರಿರೋ ಕಡೆನೇ. ನೀನು ಸುಮ್ನೆ ಕೂತ್ಕೊ."

ಶಂಕರಮ್ಮನವರು ಗಂಟನ್ನು ಪೆಟ್ಟಿಗೆಯೊಳಗೆ ಸೀರೆಗಳ ನಡುವೆ ಇಟ್ಟುಕೊಂಡರು. ಬೆಂಗಳೂರಿನಿಂದ ವಿಮಾನ ಹತ್ತಿ ಅಂಡಮಾನಿನಲ್ಲಿ ಇಳಿದ ಮಾರನೆಯ ಬೆಳಿಗ್ಗೆ ಅದು ಪೆಟ್ಟಿಗೆಯಿಂದ ಎದ್ದು ಅವರ ಸೊಂಟ ಸೇರಿತು. ನಲವತ್ತು ವರ್ಷದ ಅಭ್ಯಾಸ, ಬಿಡು ಎಂದರೆ ಬಿಡುತ್ತದೆಯೇ?

ಅಂದು ನಾವು ಹೋಗಬೇಕಾಗಿದ್ದುದು ವಂಡೂರು ಎಂಬ ಊರಿನ ದೋಣಿಕಟ್ಟೆಗೆ. ಅಲ್ಲಿಂದ ದೋಣಿಯಲ್ಲಿ ಸಮುದ್ರದ ಉದ್ಯಾನಕ್ಕೆ. ಉದ್ಯಾನ ಎಂದರೆ ಹೂವಿನ ತೋಟವಲ್ಲ. ನಮ್ಮ ಕಡೆ ಕುದುರೆಮುಖದ ಕಾಡನ್ನು ರಕ್ಷಿಸಿ ಇಟ್ಟಿದ್ದಾರಲ್ಲ, ಹಾಗೆ ಅಲ್ಲಿ ದ್ವೀಪಗಳನ್ನೂ ಸುತ್ತಲಿನ ಸಮುದ್ರವನ್ನೂ ಸೇರಿಸಿ ರಕ್ಷಿಸಿದ್ದಾರೆ. ಮೇಲಿನ ಮರಕ್ಕೂ ಕಾವಲು, ನೀರೊಳಗಿನ ಮೀನಿಗೂ ಕಾವಲು.

ಕಟ್ಟೆಯಲ್ಲಿ ಖಾಕಿ ಹಾಕಿದ ಒಬ್ಬ ಹುಡುಗಿ ನಮ್ಮ ಚೀಲಗಳನ್ನು ಒಂದೊಂದಾಗಿ ಬಿಚ್ಚಿಸಿದಳು. ಫಾರೆಸ್ಟ್ ಗಾರ್ಡ್. ಹೆಸರು ಮೋನಿಕಾ, ಅಲ್ಲಿಯೇ ಹುಟ್ಟಿ ಬೆಳೆದವಳು. ಪ್ಲಾಸ್ಟಿಕ್ ಬಾಟಲಿ, ಬಿಸ್ಕತ್ತಿನ ಪೊಟ್ಟಣ, ಶಾಂಪೂ ಚೀಟಿ ಎಲ್ಲ ಹೊರಗೆ. ನನ್ನ ಕೋಡುಬಳೆಯ ಪ್ಲಾಸ್ಟಿಕ್ ಕವರನ್ನೂ ಬಿಡಲಿಲ್ಲ, ಸ್ಟೀಲ್ ಡಬ್ಬಿಗೆ ಸುರಿಸಿದಳು. ನಾನು ಒಳಗೊಳಗೇ ಗೊಣಗಿಕೊಂಡೆ. ಶಂಕರಮ್ಮನವರ ಸೊಂಟದ ಗಂಟು ನೋಡಿ ಏನಿದು ಎಂದು ಕೇಳಿದಳು.

"ದವಾ" ಎಂದಳು ರಹೀಮಾ. ಔಷಧಿ ಎಂದು.

ಬಟ್ಟೆಯ ಗಂಟು, ಮುದುಕಮ್ಮನ ಔಷಧಿ. ಮೋನಿಕಾ ತಲೆಯಾಡಿಸಿ ಬಿಟ್ಟಳು. ಅಷ್ಟು ಜನರ ಬಳಿ ಇದ್ದದ್ದರಲ್ಲಿ ಅಂದು ಎಲ್ಲಕ್ಕಿಂತ ಮೊದಲು ತಡೆಯಬೇಕಾಗಿದ್ದ ವಸ್ತು ಅದೇ ಆಗಿತ್ತು, ಅದೊಂದೇ ಹೋಯಿತು.

ದೋಣಿ ಹತ್ತುವ ಮೊದಲು ಅವಳು ಎಲ್ಲರನ್ನೂ ನಿಲ್ಲಿಸಿ ಮಾತಾಡಿದಳು. ರಹೀಮಾ ಕನ್ನಡದಲ್ಲಿ ಹೇಳುತ್ತ ಹೋದಳು: "ನೀರೊಳಗೆ ಏನು ಕಂಡ್ರೂ ಮುಟ್ಬಾರ್ದಂತೆ. ಹವಳದ ಮೇಲೆ ಕಾಲಿಡ್ಬಾರ್ದಂತೆ. ಮೀನಿಗೆ ತಿನ್ನೋಕೆ ಹಾಕ್ಬಾರ್ದು. ಸತ್ತ ಚಿಪ್ಪು ಕೂಡ ಹೆಕ್ಕಿ ತರ್ಬಾರ್ದು. ಮೈಗೆ ಎಣ್ಣೆ, ಕ್ರೀಮು ಮೆತ್ಕೊಂಡು ನೀರಿಗಿಳೀಬಾರ್ದು. ನಾವು ತಂದಿದ್ದು ಯಾವ್ದೂ ನೀರಿಗೆ ಸೇರ್ಬಾರ್ದು."

ನಾವು ಒಂಬತ್ತು ಜನ ಗ್ರಾಮಸಭೆಯಲ್ಲಿ ತಲೆಯಾಡಿಸಿದ ಹಾಗೆ ತಲೆಯಾಡಿಸಿದೆವು. ಕೇಳಿಸಿಕೊಂಡವರು ಎಷ್ಟು ಜನವೋ ದೇವರಿಗೇ ಗೊತ್ತು.

ದೋಣಿ ಹೊರಟಿತು. ಮೊದಲು ಎರಡೂ ಬದಿಯಲ್ಲಿ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳು, ಬೇರುಗಳೆಲ್ಲ ನೀರಿನ ಮೇಲೆ. ಆಮೇಲೆ ಬಯಲು ಸಮುದ್ರ, ಅಲ್ಲಲ್ಲಿ ಪೂರ್ತಿ ಕಾಡೇ ಆಗಿರುವ ಪುಟ್ಟ ಪುಟ್ಟ ದ್ವೀಪಗಳು. ಒಂದರಲ್ಲೂ ಮನೆಯಿಲ್ಲ, ಹೊಗೆಯಿಲ್ಲ. ಒಂದು ದ್ವೀಪದ ಹತ್ತಿರ ನಮ್ಮನ್ನು ಸಣ್ಣ ದೋಣಿಗೆ ಹತ್ತಿಸಿದರು. ಅದರ ತಳಕ್ಕೆ ಗಾಜು. ಶಂಕರಮ್ಮನವರು ಬಗ್ಗಿ ನೋಡಿದವರು "ಅಬ್ಬಬ್ಬಾ!" ಎಂದು ಎದೆ ಹಿಡಿದುಕೊಂಡರು.

ಕೆಳಗೆ ಒಂದು ಊರೇ ಇತ್ತು. ಹೂಕೋಸಿನಂಥವು, ಜಿಂಕೆ ಕೊಂಬಿನಂಥವು, ನೇರಳೆ ಬಣ್ಣದವು, ಅರಿಶಿನ ಬಣ್ಣದವು. ಅದರ ಸಂದಿಯಿಂದ ಸಂದಿಗೆ ನೀಲಿ ಮೀನುಗಳ ಗುಂಪು ಓಡಾಡುತ್ತಿತ್ತು. ನನಗೆ ಬಾಯಿ ಮುಚ್ಚಲು ಮರೆತೇ ಹೋಗಿತ್ತು.

"ಇದನ್ನೆಲ್ಲ ಯಾರು ನೆಟ್ಟಿದ್ದು ಮಾರಾಯ್ತಿ?" ಎಂದು ಶಂಕರಮ್ಮನವರು ಕೇಳಿದರು.

ರಹೀಮಾ ಮೋನಿಕಾಳನ್ನು ಕೇಳಿ, ಉತ್ತರ ಕೇಳಿ, ಕಣ್ಣರಳಿಸಿ ನಮ್ಮ ಕಡೆ ತಿರುಗಿದಳು. "ಅಮ್ಮಾ, ಇದು ಗಿಡ ಅಲ್ವಂತೆ. ಕಲ್ಲೂ ಅಲ್ವಂತೆ. ಜೀವ ಅಂತೆ! ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಪ್ರಾಣಿಗಳು ಸೇರಿ ಕಟ್ಕೊಂಡ ಮನೆಯಂತೆ. ಇಷ್ಟು ದೊಡ್ಡದಾಗೋಕೆ ನೂರಾರು ವರ್ಷ ಬೇಕಂತೆ. ನಾವು ಒಂದ್ಸಲ ಕಾಲಿಟ್ರೆ ಮುರಿದೇ ಹೋಗುತ್ತಂತೆ."

"ಜೀವ ಅಂತೀಯಾ? ಇದಿಷ್ಟೂ?"

"ಇದಿಷ್ಟೂ ಅಂತೆ."

ಶಂಕರಮ್ಮನವರು ಗಾಜಿನ ಮೇಲೆ ಇಟ್ಟಿದ್ದ ಕಾಲನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ಇಟ್ಟುಕೊಂಡರು. ಅಷ್ಟು ಒಳ್ಳೆಯ ಮನಸ್ಸಿನ ಹೆಂಗಸು. ಅಂಥವರ ಕೈಯಿಂದಲೇ ಅರ್ಧ ಗಂಟೆಯಲ್ಲಿ ಆಗಬಾರದ್ದು ಆಗಿಹೋಯಿತು.

ದ್ವೀಪದ ದಂಡೆಯಲ್ಲಿ ಹಗ್ಗ ಕಟ್ಟಿ ಒಂದಿಷ್ಟು ಜಾಗ ಬಿಟ್ಟಿದ್ದರು. ಅಲ್ಲಿ ಬರೀ ಮರಳು, ಮೊಣಕಾಲುದ್ದ ನೀರು, ತಳದ ಕಣ ಕಣವೂ ಕಾಣುತ್ತಿತ್ತು. ಉಳಿದವರು ದಡದ ಹತ್ತಿರ ನೀರೆರಚಿಕೊಂಡು ಆಡುತ್ತಿದ್ದರು. ಶಂಕರಮ್ಮನವರು ಸೀರೆ ಎತ್ತಿ ಕಟ್ಟಿ, ಗದ್ದೆಗೆ ಇಳಿದ ಹಾಗೆ ನಿಧಾನಕ್ಕೆ ಮುಂದೆ ಹೋದರು. ನಾನು ಅವರ ಹಿಂದೆಯೇ ಇದ್ದೆ.

ಇದ್ದಕ್ಕಿದ್ದ ಹಾಗೆ ಅವರು ಕಿರುಚಿದರು.

"ರೇವತೀ! ಇಂಬಳ! ಅಯ್ಯಯ್ಯೋ, ಇಂಬಳ ಕಣೇ!"

ನೋಡಿದೆ. ಅವರ ಪಾದಕ್ಕೆ ಒತ್ತಿಕೊಂಡು ಕಪ್ಪಗೆ, ಮೆತ್ತಗೆ ಒಂದು ಹುಳ. ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ, ತೋಳಿನ ದಪ್ಪ. ಆಕಾರ ನೋಡಿದರೆ ಇಂಬಳವೇ. ನಮ್ಮ ತೋಟದ ಇಂಬಳವನ್ನು ನೂರು ಪಾಲು ದೊಡ್ಡದು ಮಾಡಿದರೆ ಹೀಗೇ ಇರುತ್ತದೆ. ನನ್ನ ಕಾಲು ಅಲ್ಲೇ ನಿಂತುಹೋಯಿತು. ಇಂಥದ್ದು ಕಚ್ಚಿ ರಕ್ತ ಹೀರಿದರೆ ಗತಿಯೇನು ಎಂದು ನಾನೂ ನಡುಗಿದೆ, ಸುಳ್ಳೇಕೆ ಹೇಳಲಿ?

ಶಂಕರಮ್ಮನವರಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ನಲವತ್ತು ವರ್ಷ ಮಾಡಿದ್ದನ್ನೇ ಕೈ ತಾನಾಗಿ ಮಾಡಿತು. ಸೊಂಟದ ಗಂಟನ್ನು ಹೊರತೆಗೆಯಿತು, ನೀರಲ್ಲಿ ಅದ್ದಿತು, ಆ ಹುಳದ ಬೆನ್ನಿನ ಮೇಲೆ ಗಟ್ಟಿಯಾಗಿ ಒತ್ತಿತು. ಒತ್ತಿದ ರಭಸಕ್ಕೆ ಗಂಟಿನ ಬಾಯಿ ಬಿಚ್ಚಿಕೊಂಡು ಸುಣ್ಣವೂ ಹೊಗೆಸೊಪ್ಪೂ ನೀರಿಗೆ ಚೆಲ್ಲಿದವು. ಕನ್ನಡಿಯಂಥ ನೀರು ಒಂದು ಮಾರಿನಷ್ಟು ಅಗಲಕ್ಕೆ ಬೆಳ್ಳಗಾಯಿತು.

ಹುಳ ಓಡಲಿಲ್ಲ, ಕಚ್ಚಲಿಲ್ಲ. ಅದಕ್ಕೆ ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ. ಒಂದು ಸಲ ಮೈಯನ್ನೆಲ್ಲ ಬಿಗಿಹಿಡಿಯಿತು. ಆಮೇಲೆ ಅದರ ಹಿಂಭಾಗದಿಂದ ಬಿಳಿ ನೂಲಿನಂಥ ಎಳೆಗಳು ಹೊರಗೆ ಬಂದವು, ಅದರ ಹಿಂದೆಯೇ ಒಳಗಿನದೆಲ್ಲ ಬಂತು.

"ಕರುಳು" ಎಂದರು ಶಂಕರಮ್ಮನವರು. "ರೇವತಿ, ಅದರ ಕರುಳು ಹೊರಗೆ ಬಂತಲ್ಲೇ!"

ನಾನು ತೋಟದಲ್ಲಿ ಹಾವು ಹೊಡೆದದ್ದು ನೋಡಿದ್ದೇನೆ, ಹಂದಿ ಸತ್ತದ್ದು ನೋಡಿದ್ದೇನೆ. ಆದರೆ ಒಂದು ಜೀವ ಸದ್ದೇ ಇಲ್ಲದೆ, ಬಿದ್ದಲ್ಲೇ ಬಿದ್ದುಕೊಂಡು, ತನ್ನ ಹೊಟ್ಟೆಯನ್ನೇ ಹೊರಗೆ ಹಾಕಿದ್ದನ್ನು ನೋಡಿರಲಿಲ್ಲ. ಈಗ ಇದನ್ನು ಬರೆಯುವಾಗಲೂ ಮೈ ಜುಮ್ಮೆನ್ನುತ್ತಿದೆ.

ಇನ್ನು ನನ್ನ ತಪ್ಪಿನ ಮಾತು.

ಮೋನಿಕಾ ದಡದಿಂದ ಸೀಟಿ ಊದಿದಳು. ಬೆಳ್ಳಗಾದ ನೀರು ಅವಳಿಗೆ ಕಂಡಿತ್ತು. ಅವಳು ನೀರಿಗಿಳಿದು ನಮ್ಮ ಕಡೆ ಓಡಿ ಬರುತ್ತಿದ್ದಳು, ಹಿಂದೆಯೇ ರಹೀಮಾ. ನಾನು ಏನು ಮಾಡಿದೆ ಗೊತ್ತೇ? ಶಂಕರಮ್ಮನವರ ಕೈಯಿಂದ ಗಂಟು ಕಿತ್ತುಕೊಂಡು ನನ್ನ ಸೆರಗಿನೊಳಗೆ ತುರುಕಿದೆ. ಕಾಲಿನಿಂದ ಮರಳು ಕೆದಕಿ ಆ ಜೀವದ ಮೇಲೆ ಎಳೆದೆ.

"ಸುಮ್ನಿರಿ ಅಮ್ಮಾ. ಬಾಯಿ ಬಿಡ್ಬೇಡಿ. ಯಾರೂ ನೋಡಿಲ್ಲ."

ಮೋನಿಕಾ ಬಂದು ಬಗ್ಗಿ ನೋಡಿದಳು. ನನ್ನ ಮರಳನ್ನು ಸರಿಸಿದಳು. ಅವಳ ಮುಖ ಬಿಳುಚಿಕೊಂಡಿತು. ಏನೋ ಕೇಳಿದಳು, ಮತ್ತೆ ಕೇಳಿದಳು, ಮೂರನೆಯ ಸಲ ಕೂಗಿಯೇ ಕೇಳಿದಳು.

"ಇದರ ಮೇಲೆ ಏನು ಹಾಕಿದ್ರಿ ಅಂತ ಕೇಳ್ತಿದ್ದಾಳೆ" ಎಂದಳು ರಹೀಮಾ. "ಏನು ಅಂತ ಗೊತ್ತಾದ್ರೆ ಏನಾದ್ರೂ ಮಾಡ್ಬಹುದಂತೆ. ಬೇಗ ಹೇಳ್ಬೇಕಂತೆ."

"ಏನೂ ಇಲ್ಲ ಅನ್ನು. ಕಾಲು ತಾಗಿ ಮರಳು ಎದ್ದಿದ್ದು ಅನ್ನು" ಎಂದೆ ನಾನು.

ರಹೀಮಾ ನನ್ನ ಮುಖವನ್ನೇ ನೋಡಿದಳು. ನೀರಿನಲ್ಲಿ ಹೊಗೆಸೊಪ್ಪಿನ ಚೂರುಗಳು ತೇಲುತ್ತಿದ್ದವು. "ಇದನ್ನ ನಾನು ಹೇಳಲ್ಲ ರೇವತಕ್ಕ" ಎಂದಳು. "ಬೆಳಿಗ್ಗೆ ದವಾ ಅಂತ ಒಂದು ಹೇಳಿ ಆಗಿದೆ. ಇನ್ನೊಂದು ನನ್ನ ಬಾಯಲ್ಲಿ ಬರಲ್ಲ."

ನಾವು ಹೀಗೆ ಜಗ್ಗಾಡುತ್ತಿರುವಾಗ ಆ ಜೀವ ಸುಣ್ಣದಲ್ಲಿ ಬೇಯುತ್ತಿತ್ತು. ಎಷ್ಟು ಹೊತ್ತು? ಒಂದು ನಿಮಿಷವೋ, ಎರಡು ನಿಮಿಷವೋ. ಅದು ನಾನು ತಿಂದ ಸಮಯ.

ಶಂಕರಮ್ಮನವರು ನನ್ನನ್ನು ಪಕ್ಕಕ್ಕೆ ತಳ್ಳಿದರು. ಮೋನಿಕಾಳ ಮುಂದೆ ನಿಂತು ಎರಡೂ ಕೈ ಮುಂದೆ ಚಾಚಿದರು. ಅಂಗೈಯಲ್ಲಿ ಇನ್ನೂ ಸುಣ್ಣ ಮೆತ್ತಿಕೊಂಡಿತ್ತು. "ನಾನೇ ಮಾಡಿದ್ದು ಮಗಾ. ಸುಣ್ಣ, ಹೊಗೆಸೊಪ್ಪು, ಉಪ್ಪು. ಇಂಬಳ ಅಂದ್ಕೊಂಡೆ. ಹೇಳು ರಹೀಮಾ, ಎಲ್ಲ ಹೇಳು. ಉಳ್ಸೋಕಾಗುತ್ತಾ ಕೇಳು."

ರಹೀಮಾ ಒಂದೇ ಉಸಿರಿಗೆ ಹೇಳಿದಳು. ಮೋನಿಕಾ ತಕ್ಷಣ ಮಂಡಿಯೂರಿ ಕೂತು ಎರಡೂ ಕೈಯಿಂದ ಒಳ್ಳೆಯ ನೀರನ್ನು ಆ ಜೀವದ ಕಡೆ ತಳ್ಳತೊಡಗಿದಳು, ಬೆಳ್ಳಗಿನ ನೀರು ಆಚೆ ಹೋಗಲಿ ಎಂದು. ಶಂಕರಮ್ಮನವರೂ ಕೂತು ನೀರು ತಳ್ಳಿದರು. ಸೀರೆ ಪೂರ್ತಿ ನೆನೆಯಿತು. ಆಮೇಲೆ ನಾನೂ ಕೂತೆ. ಬಹಳ ಹೊತ್ತಿನ ಮೇಲೆ ನೀರು ತಿಳಿಯಾಯಿತು. ಅದರ ಬೆನ್ನ ಮೇಲೆ ಗಂಟು ಒತ್ತಿದ ಜಾಗ ಬೆಳ್ಳಗೆ, ಅಂಗೈಯಗಲ ಸುಟ್ಟುಹೋಗಿತ್ತು. ಅದು ಅಲುಗಲಿಲ್ಲ. ಅಲ್ಲಿಂದ ಎತ್ತಿ ಬೇರೆಡೆ ಇಟ್ಟರೆ ಇನ್ನೂ ಪೆಟ್ಟಾಗುತ್ತದೆ, ಇಲ್ಲೇ ಬಿಡಬೇಕು ಎಂದಳು ಮೋನಿಕಾ.

ನಮ್ಮ ಗುಂಪನ್ನು ಅಷ್ಟಕ್ಕೇ ದೋಣಿಗೆ ಹತ್ತಿಸಿದರು. ಮೋನಿಕಾ ಪುಸ್ತಕ ತೆಗೆದು ನಡೆದದ್ದನ್ನು ಬರೆದುಕೊಂಡಳು. ಶಂಕರಮ್ಮನವರ ಹೆಸರು ಬರೆದಳು, ನನ್ನದನ್ನೂ ಬರೆಸಿಕೊಂಡಳು. ಗಂಟನ್ನು ನಾನೇ ಸೆರಗಿನಿಂದ ತೆಗೆದು ಅವಳ ಕೈಗೆ ಕೊಟ್ಟೆ. ಆಗ ಅವಳು ರಹೀಮಾಳ ಮೂಲಕ, ಗೊತ್ತಿಲ್ಲದೆ ಮಾಡಿದ್ದು, ತಾವಾಗಿ ಒಪ್ಪಿಕೊಂಡರು ಎಂದು ಬರೆದಿದ್ದೇನೆ, ಮೇಲಿನವರು ಕೇಳಿದರೆ ಉತ್ತರ ಕೊಡಬೇಕಾಗುತ್ತದೆ ಎಂದಳು. ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವ ಪ್ರಾಣಿಯಂತೆ ಅದು. ಕದ್ದು ಹಿಡಿದು ಸಾಗಿಸಿದವರು ಜೈಲಿಗೆ ಹೋಗಿದ್ದಾರಂತೆ. ಉಳಿದ ಹೆಂಗಸರು ನಮ್ಮಿಬ್ಬರನ್ನು ಮಾತಾಡಿಸಲಿಲ್ಲ. ಯಾರಿಗೂ ಸರಿಯಾಗಿ ನೀರಿಗಿಳಿಯಲು ಸಿಕ್ಕಿರಲಿಲ್ಲ, ಸಿಟ್ಟು ಬಂದದ್ದು ನ್ಯಾಯವೇ.

ದೋಣಿ ಹಿಂದಕ್ಕೆ ಹೊರಟ ಮೇಲೆ ಶಂಕರಮ್ಮನವರು ಮೆಲ್ಲಗೆ ಕೇಳಿದರು. "ಅದಕ್ಕೆ ಏನು ಹೆಸರಂತೆ?"

"ಸಮುದ್ರದ ಸೌತೆಕಾಯಿ ಅಂತಾರಂತೆ" ಎಂದಳು ರಹೀಮಾ. "ಆಕಾರ ನೋಡಿ ಇಟ್ಟ ಹೆಸರಂತೆ. ಯಾರನ್ನೂ ಕಚ್ಚಲ್ವಂತೆ."

"ಕಚ್ಚೋದಿಲ್ಲ ಅಂದ್ರೆ ಹೊಟ್ಟೆಗೆ ಎಂತ ಮಾಡುತ್ತೆ?"

ರಹೀಮಾ ಕೇಳಿದಳು. ಮೋನಿಕಾ ದೋಣಿಯ ಅಂಚಿಗೆ ಒರಗಿಕೊಂಡು, ಸುಸ್ತಾದ ದನಿಯಲ್ಲಿ, ಬಹಳ ಹೊತ್ತು ಹೇಳಿದಳು. ಕೇಳುತ್ತ ಕೇಳುತ್ತ ರಹೀಮಾಳ ಮುಖ ಸಪ್ಪಗಾಯಿತು. ಕನ್ನಡದಲ್ಲಿ ಹೇಳಲು ಅವಳಿಗೆ ಮನಸ್ಸೇ ಇರಲಿಲ್ಲ.

"ಹೇಳೇ" ಎಂದರು ಶಂಕರಮ್ಮನವರು.

"ಮರಳು ತಿನ್ನುತ್ತಂತೆ ಅಮ್ಮಾ. ಮರಳಲ್ಲಿರೋ ಕೊಳೆತಿದ್ದನ್ನೆಲ್ಲ ಅರಗಿಸ್ಕೊಂಡು, ಮರಳನ್ನ ಶುದ್ಧ ಮಾಡಿ ಹಿಂದಿನಿಂದ ಬಿಡುತ್ತಂತೆ. ದಿನಾ ಅದೇ ಕೆಲ್ಸ. ಅದು ಇದ್ರೇನೇ ಸಮುದ್ರದ ತಳ ಚೆನ್ನಾಗಿರೋದಂತೆ, ಹವಳಕ್ಕೂ ಅದರಿಂದ ಒಳ್ಳೇದಂತೆ. ನಮ್ಮ..." ಅವಳು ನಿಲ್ಲಿಸಿದಳು.

"ನಮ್ಮ ಎರೆಹುಳದ ಹಾಗೆ" ಎಂದರು ಶಂಕರಮ್ಮನವರು.

ರಹೀಮಾ ತಲೆಯಾಡಿಸಿದಳು.

ಶಂಕರಮ್ಮನವರು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅಂಗೈ ನೋಡುತ್ತ ಕೂತರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಪಕ್ಕದ ಬೇಲಿಯಲ್ಲಿ ಕಳೆನಾಶಕ ಹೊಡೆದವರನ್ನು ಮಾತಾಡಿಸದ ಹೆಂಗಸು. ತೊಟ್ಟಿಯ ಹತ್ತಿರ ಸೋಪಿನ ನೀರು ಬಿದ್ದರೆ ಊಟ ಬಿಡುವ ಹೆಂಗಸು. ಅವರೇ ಸಾವಿರ ಮೈಲಿ ದೂರ ಹೋಗಿ, ಸಮುದ್ರದ ಎರೆಹುಳವನ್ನು ಸುಣ್ಣ ಹಾಕಿ ಸುಟ್ಟು ಬಂದಿದ್ದರು. ಸ್ಟೀಲ್ ಡಬ್ಬಿಯ ಕೋಡುಬಳೆ ಹಾಗೇ ವಾಪಸ್ಸು ಬಂತು.

ಕಟ್ಟೆಯಲ್ಲಿ ಇಳಿಯುವಾಗ ಮೋನಿಕಾ ತಾನಾಗಿ ಹತ್ತಿರ ಬಂದು ಒಂದು ಮಾತು ಹೇಳಿದಳು. ಹೆದರಿದಾಗ ಆ ಪ್ರಾಣಿ ಒಳಗಿನದನ್ನು ಹೊರಗೆ ಎಸೆಯುತ್ತದಂತೆ. ಬದುಕಿ ಉಳಿದರೆ ಕೆಲವು ವಾರಗಳಲ್ಲಿ ಎಲ್ಲವನ್ನೂ ಮತ್ತೆ ಬೆಳೆಸಿಕೊಳ್ಳುತ್ತದಂತೆ. ಆದರೆ ಸುಣ್ಣದಿಂದಾದ ಸುಟ್ಟ ಗಾಯವನ್ನು ತಡೆಯುತ್ತದೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ.

"ನೋಡಿ ಹೇಳ್ತೀಯಾ ಮಗಾ?" ಎಂದು ಶಂಕರಮ್ಮನವರು ಅವಳ ಕೈ ಹಿಡಿದರು. "ಬೆನ್ನ ಮೇಲೆ ಬಿಳಿ ಕಲೆ ಇರುತ್ತೆ, ಗುರ್ತು ಸಿಗುತ್ತೆ."

ಇದನ್ನು ರಹೀಮಾ ಹಿಂದಿಗೆ ತಿರುಗಿಸಬೇಕಾಗಲಿಲ್ಲ. ಮೋನಿಕಾ ಜೇಬಿನಿಂದ ಫೋನ್ ತೆಗೆದು ರಹೀಮಾಳ ನಂಬರು ಬರೆದುಕೊಂಡಳು.

ಊರಿಗೆ ಬಂದೆವು. ಬಾಳೂರಿನಲ್ಲಿ ಜೀಪು ಇಳಿದ ಕೂಡಲೇ ಸುಬ್ಬಣ್ಣನವರು ಮೊದಲು ಕೇಳಿದ್ದು ಗಂಟಿನ ವಿಚಾರವನ್ನೇ. "ಎಂತ, ಉಪಯೋಗಕ್ಕೆ ಬಂತಾ?"

ಶಂಕರಮ್ಮನವರು ಎಲ್ಲವನ್ನೂ ಹೇಳಿದರು. ನಾನು ಸುಳ್ಳು ಹೇಳಿದ್ದನ್ನು ಬಿಟ್ಟು. ಅದನ್ನು ನಾನೇ ಸೇರಿಸಿದೆ.

ಸುಬ್ಬಣ್ಣನವರು ಕೇಳಿ ನಕ್ಕುಬಿಟ್ಟರು. "ಅಯ್ಯೋ ಮಾರಾಯ್ತಿ, ಒಂದು ಹುಳಕ್ಕೆ ಇಷ್ಟು ಗೋಳಾ? ಅಷ್ಟು ದೊಡ್ಡ ಸಮುದ್ರ. ಅದರಲ್ಲಿ ಒಂದು ಹಿಡಿ ಸುಣ್ಣ ಯಾವ ಲೆಕ್ಕ? ಅಂಥ ಹುಳ ಅಲ್ಲಿ ಲಕ್ಷ ಇರ್ತಾವೆ."

ಶಂಕರಮ್ಮನವರು ಒಳಗೆ ಹೋಗಿ, ಗೂಟದಲ್ಲಿ ನೇತುಹಾಕಿದ್ದ ಸುಬ್ಬಣ್ಣನವರ ಸ್ವಂತ ಇಂಬಳದ ಗಂಟನ್ನು ತಂದರು. ನೇರ ಕೊಟ್ಟಿಗೆಯ ಹಿಂದೆ ನಡೆದರು. ಏನಾಗುತ್ತಿದೆ ಎಂದು ತಿಳಿಯದೆ ನಾವಿಬ್ಬರೂ ಹಿಂದೆ ಹೋದೆವು. ಅವರು ಎರೆತೊಟ್ಟಿಯ ಮೇಲಿನ ಗೋಣಿಚೀಲ ಸರಿಸಿದರು. ತೇವದ ಗೊಬ್ಬರದಲ್ಲಿ ಹುಳಗಳು ಕೆಂಪಗೆ ಮಿಸುಕಾಡುತ್ತಿದ್ದವು. ಅವರು ಗಂಟು ಬಿಚ್ಚಿ, ಹಿಡಿ ತುಂಬ ಸುಣ್ಣ ಹೊಗೆಸೊಪ್ಪು ತೆಗೆದು, ತೊಟ್ಟಿಯ ಮೇಲೆ ಕೈ ಚಾಚಿದರು.

"ಹಾಕ್ಲಾ?"

"ಏಯ್! ಹುಚ್ಚು ಹಿಡಿದಿದ್ಯಾ ನಿಂಗೆ?" ಸುಬ್ಬಣ್ಣನವರು ಹಾರಿ ಅವರ ಮಣಿಕಟ್ಟು ಹಿಡಿದರು. "ಸತ್ತೇ ಹೋಗ್ತಾವೆ ಕಣೇ!"

"ಎಷ್ಟು ದೊಡ್ಡ ತೋಟ. ಒಂದು ಹಿಡಿ ಸುಣ್ಣ ಯಾವ ಲೆಕ್ಕ? ಇಂಥ ಹುಳ ಲಕ್ಷ ಇದಾವೆ."

ಸುಬ್ಬಣ್ಣನವರು ಹಿಡಿದ ಕೈ ಬಿಡಲಿಲ್ಲ.

"ಅಲ್ಲಿ ನನ್ನ ಕೈ ಹಿಡಿಯೋಕೆ ಯಾರೂ ಇರ್ಲಿಲ್ಲ" ಎಂದರು ಶಂಕರಮ್ಮನವರು. "ಇದ್ದವಳು ಇವಳೊಬ್ಬಳು. ಇವಳು ಬಾಯಿ ಮುಚ್ಚು ಅಂದ್ಲು."

ನನಗೆ ಆ ತೊಟ್ಟಿಯೊಳಗೇ ಇಳಿದುಬಿಡಬೇಕು ಎನ್ನಿಸಿತು. ಸುಬ್ಬಣ್ಣನವರು ಹೆಂಡತಿಯ ಹಿಡಿಯಲ್ಲಿದ್ದ ಸುಣ್ಣವನ್ನು ತಮ್ಮ ಅಂಗೈಗೆ ಸುರಿದುಕೊಂಡು ದೂರ ಹೋಗಿ, ಬಂಡೆಯ ಮೇಲೆ ಕೊಡವಿ ಬಂದರು. ಆಮೇಲೆ ಅಂಗೈಯನ್ನು ಎರಡು ಸಲ ತೊಳೆದುಕೊಂಡರು. ಆ ಮೇ ತಿಂಗಳಲ್ಲಿ, ಕೊಳೆರೋಗ ಬಾರದಂತೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಸಿಂಪಡಿಸಿದ ಮೇಲೆ ಯಾವಾಗಲೂ ಹಳ್ಳದಲ್ಲಿ ತೊಳೆಯುತ್ತಿದ್ದ ಡ್ರಮ್ಮನ್ನು ಅವರು ಹಳ್ಳಕ್ಕೆ ಇಳಿಸಲು ಬಿಡಲಿಲ್ಲ. ತೊಳೆದ ನೀರನ್ನು ಮುಂದಿನ ಸಲದ ದ್ರಾವಣಕ್ಕೇ ಎತ್ತಿಟ್ಟುಕೊಂಡರು. ಯಾಕೆ ಎಂದು ಕೇಳಿದವರಿಗೆ, "ಹಳ್ಳದ ಏಡಿಗೂ ಬಾಯಿಲ್ಲ, ಅದೂ ಕೂಗಲ್ಲ. ಮತ್ತೆ ಹಳ್ಳದ ನೀರು ಹೋಗಿ ಸೇರೋದು ಎಲ್ಲಿಗೆ? ಆ ಸಮುದ್ರಕ್ಕೇ" ಎಂದರು.

ಜೂನ್ ಶುರುವಿನಲ್ಲಿ ರಹೀಮಾಳ ಫೋನಿಗೆ ಮೋನಿಕಾ ಮಾತಾಡಿ ಕಳಿಸಿದ ಸಂದೇಶ ಬಂತು. ಅವಳು ಮಾತು ಮರೆತಿರಲಿಲ್ಲ. ಮಳೆಗಾಲಕ್ಕೆ ದ್ವೀಪ ಮುಚ್ಚುವ ಮುಂಚೆ ಮೂರು ಸಲ ಹೋಗಿ ಅದೇ ಜಾಗದಲ್ಲಿ ಹುಡುಕಿದ್ದಳು. ಬೆನ್ನ ಮೇಲೆ ಬಿಳಿ ಕಲೆ ಇರುವುದು ಸಿಗಲಿಲ್ಲ. ಬದುಕಿ ಬೇರೆಡೆ ಹೋಗಿದ್ದರೂ ಹೋಗಿರಬಹುದು, ಹೇಳಲಾರೆ ಎಂದಿದ್ದಳು. ರಹೀಮಾ ಅದನ್ನು ಶಂಕರಮ್ಮನವರಿಗೆ ಕೇಳಿಸಿ, ಕನ್ನಡದಲ್ಲಿ ಹೇಳಿದಳು. ಶಂಕರಮ್ಮನವರು, "ಸುಳ್ಳು ಸಮಾಧಾನ ಹೇಳ್ಲಿಲ್ಲ ಆ ಹುಡುಗಿ. ಒಳ್ಳೆಯವಳು" ಎಂದರು.

ಈಗ ನಮ್ಮ ಸಂಘದ ಎರಡನೆಯ ತಂಡ ಅಂಡಮಾನಿಗೆ ಹೊರಟಿದೆ. ಹೋದ ವಾರ ಮೂಡಿಗೆರೆ ಬಸ್ ಸ್ಟ್ಯಾಂಡಿಗೆ ಎಲ್ಲರಿಗಿಂತ ಮೊದಲು ಬಂದವರು ಶಂಕರಮ್ಮನವರು. ಪ್ರಯಾಣಕ್ಕಲ್ಲ. ಬಸ್ಸಿನ ಬಾಗಿಲಲ್ಲಿ ನಿಂತು ಹತ್ತುವ ಒಬ್ಬೊಬ್ಬರನ್ನೂ ತಡೆದರು.

"ಸೊಂಟ ತೋರ್ಸು."

ಸುತ್ತಲಿನವರು ನಕ್ಕರು. ಅವರು ನಗಲಿಲ್ಲ. ಹನ್ನೊಂದು ಜನರಲ್ಲಿ ನಾಲ್ಕು ಜನರ ಸೊಂಟದಲ್ಲಿ ಗಂಟಿತ್ತು! ಇಷ್ಟೆಲ್ಲ ಹೇಳಿದ ಮೇಲೂ ನಾಲ್ಕು ಗಂಟು. ಶಂಕರಮ್ಮನವರು ನಾಲ್ಕನ್ನೂ ಬಿಚ್ಚಿಸಿ ತಮ್ಮ ಚೀಲಕ್ಕೆ ಹಾಕಿಕೊಂಡರು. "ಬಂದ ಮೇಲೆ ವಾಪಸ್ ಕೊಡ್ತೀನಿ. ಇದು ನಮ್ಮ ತೋಟಕ್ಕೆ ಔಷಧಿ. ಅಲ್ಲಿ ವಿಷ" ಎಂದರು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇದನ್ನು ಓದಿ ಹೇಳುತ್ತಿರುವವರೇ, ಕೇಳುತ್ತಿರುವವರೇ. ಸಮುದ್ರ ನೋಡಲು ಹೋಗಿ, ಖಂಡಿತ ಹೋಗಿ. ದೋಣಿಯಲ್ಲಿ ಕೂತು ಕಣ್ಣು ತುಂಬ ನೋಡಿ. ಆದರೆ ನೀರಿನೊಳಗೆ ಕಾಣುವುದು ನಿಮ್ಮ ತೋಟದ್ದಲ್ಲ. ಇಂಬಳದ ಹಾಗೆ ಕಂಡದ್ದು ಇಂಬಳವಲ್ಲ, ಕಲ್ಲಿನ ಹಾಗೆ ಕಂಡದ್ದು ಕಲ್ಲಲ್ಲ. ಗೊತ್ತಿಲ್ಲದ್ದು ಕಾಲಿಗೆ ತಾಗಿದರೆ ಕಾಲು ಹಿಂದಕ್ಕೆ ತೆಗೆದುಕೊಳ್ಳಿ, ಕೈ ಹಾಕಬೇಡಿ. ಚಿಪ್ಪು, ಹವಳ ತರಬೇಡಿ. ಪುಡಿ, ಎಣ್ಣೆ, ಕ್ರೀಮು, ತಿಂಡಿ ಏನನ್ನೂ ನೀರಿಗೆ ಬಿಡಬೇಡಿ. ಗಾರ್ಡ್ ಹೇಳುವಾಗ ನಮ್ಮ ಹಾಗೆ ಬರೀ ತಲೆಯಾಡಿಸಬೇಡಿ, ಕೇಳಿಸಿಕೊಳ್ಳಿ.

ಇಷ್ಟೆಲ್ಲ ಆಗಿಯೂ ತಪ್ಪಾದರೆ ತಕ್ಷಣ ಹೇಳಿಬಿಡಿ. ಇದನ್ನು ಶಂಕರಮ್ಮನವರು ಹೇಳಿಸುತ್ತಿಲ್ಲ, ನಾನು ಹೇಳುತ್ತಿದ್ದೇನೆ. ಗಂಟು ಒತ್ತಿದ್ದು ಅವರು, ಗೊತ್ತಿಲ್ಲದೆ. ಗೊತ್ತಿದ್ದೂ ಆ ಜೀವದ ಮೇಲೆ ಮರಳು ಎಳೆದದ್ದು ನನ್ನ ಕಾಲು.